ಸ್ಲೇಟನ್ನು ನಾಲ್ಕನೇ ಪುಟದಲ್ಲಿ ಯಾಕೆ ಬಚ್ಚಿಟ್ಟಿರಿ?

ನಮಸ್ಕಾರ.

ಸ್ವಿಟ್ಜರ್ಲೆಂಡಿನ ಎಲ್ಮ್ ಬಗ್ಗೆ ನೀವು ಬರೆದ ‘ಎಲ್ಮ್: ಆಲ್ಪ್ಸ್ ಮಡಿಲಿನ ಮುದ್ದಾದ ಹಳ್ಳಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕುವುದಕ್ಕೆ ಆಗುವುದಿಲ್ಲ. ಕೊನೆಯವರೆಗೂ ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಹಾಗಾದರೆ ಎರಡನೇ ಸಲ ಯಾಕೆ ಓದಿದೆ ಅಂದರೆ, ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ: ‘ಇಲ್ಲಿನ ಬೆಟ್ಟದ ಕಲ್ಲಿನಿಂದ ಮಕ್ಕಳು ಬರೆಯುವ ಸ್ಲೇಟು ಮಾಡುತ್ತಿದ್ದರಂತೆ.’ ಅಷ್ಟೇ. ಮುಂದಿನ ಸಾಲಿಗೆ ನೀವು ಸ್ಕೀ ಮಾಡುವ ಜಾಗಕ್ಕೆ ಹೋಗಿಬಿಟ್ಟಿದ್ದೀರಿ. ಇಡೀ ಲೇಖನ ಆ ‘ಅಂತೆ’ಯಲ್ಲೇ ಕೂತಿತ್ತು.

‘ಭೌಗೋಳಿಕ ಹಿನ್ನೆಲೆ’, ‘ಇತಿಹಾಸ’, ‘ಜನಜೀವನ’, ‘ನೋಡಬೇಕಾದ ಸ್ಥಳಗಳು’ ಅಂತ ನಾಲ್ಕು ಭಾಗ ಮಾಡಿದ್ದೀರಿ. ನನಗೆ ಹೈಸ್ಕೂಲಿನ ಸಮಾಜ ವಿಜ್ಞಾನದ ಗೈಡ್ ನೆನಪಾಯಿತು. ಎಷ್ಟೋ ಊರುಗಳಿಗೆ ಈ ಅಚ್ಚು ನಡೆಯುತ್ತದೆ. ಎಲ್ಮ್‌ಗೆ ಮಾತ್ರ ನಡೆಯುವುದಿಲ್ಲ. ಅಲ್ಲಿ ಬೆಟ್ಟ ಒಂದು ಅಧ್ಯಾಯ, ಊರಿನ ಕಥೆ ಇನ್ನೊಂದು ಅಧ್ಯಾಯ ಅಂತಿಲ್ಲ. ಊರು ತಿಂದ ಅನ್ನವೂ ಬೆಟ್ಟದ್ದು, ಊರನ್ನು ನುಂಗಿದ್ದೂ ಅದೇ ಬೆಟ್ಟ.

ಮೊದಲ ಪುಟದ ಅಂಕಿಗಳನ್ನು ತೆಗೆಯಿರಿ. ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಎತ್ತರ, ಗ್ಲಾರುಸ್ ಕ್ಯಾಂಟನ್ (ಅಂದರೆ ಅಲ್ಲಿನ ರಾಜ್ಯ), ಹೊಳೆಯ ಹೆಸರು ಸೆರ್ನ್ಫ್ ಎಂದೆಲ್ಲ ಒಂದೇ ಉಸಿರಿಗೆ ಹೇಳಿದರೆ ಯಾರಿಗೂ ನೆನಪಿರಲ್ಲ. ಆದರೆ ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ: ಜ್ಯೂರಿಕ್‌ನಿಂದ ರೈಲಿನಲ್ಲಿ ಶ್ವಾಂಡನ್‌ಗೆ ಬಂದು ಬಸ್ಸು ಹತ್ತಿದಿರಿ, ಎಲ್ಮ್‌ನಲ್ಲಿ ಡ್ರೈವರ್ ಇಂಜಿನ್ ಆಫ್ ಮಾಡಿದ, ಮುಂದೆ ರಸ್ತೆ ಇಲ್ಲ, ಮೂರು ಕಡೆಯೂ ಬೆಟ್ಟ. ಭೂಗೋಳ ಅಂದರೆ ಇದು ಕಣ್ರೀ! ಕಣಿವೆಯ ಕೊನೇ ಸ್ಟಾಪು. ಅಲ್ಲಿಂದ ಆಚೆ ಹೋಗಬೇಕು ಅನ್ನುವವರು ಬೆಟ್ಟ ದಾಟಲು ಕಾಲನ್ನೇ ನಂಬಬೇಕು. ಅದನ್ನು ಮೊದಲ ಪ್ಯಾರಾ ಮಾಡಿ. 1905ರಿಂದ 1969ರವರೆಗೆ ಇದೇ ದಾರಿಯಲ್ಲಿ ಪುಟ್ಟ ರೈಲೊಂದು ಓಡುತ್ತಿತ್ತು, ಈಗ ಅದರ ಜಾಗದಲ್ಲಿ ಈ ಬಸ್ಸು. ಇಷ್ಟನ್ನೂ ಅಲ್ಲೇ ಸೇರಿಸಬಹುದು.

ಆಮೇಲೆ ತಲೆ ಎತ್ತಿ ಬೆಟ್ಟ ನೋಡಿ. ‘ಯುನೆಸ್ಕೋ ವಿಶ್ವ ಪರಂಪರೆಯ ತಾಣ’ ಅಂತ ಅರ್ಧ ಸಾಲು ಬರೆದಿದ್ದೀರಿ. ಯಾಕೆ ಆ ಪಟ್ಟ? 2008ರಲ್ಲಿ ಅದು ಸಿಕ್ಕಿದ್ದು ಚೆಂದಕ್ಕಲ್ಲ. ಚಿಂಗೆಲ್‌ಹೋರ್ನರ್ ಶಿಖರಗಳಲ್ಲಿ ಗೀಟು ಎಳೆದ ಹಾಗೆ ಒಂದು ರೇಖೆ ಕಾಣುತ್ತದೆ. ಅದರ ಮೇಲಿನ ಕಲ್ಲಿಗೆ 25 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಕೆಳಗಿನದು 5 ಕೋಟಿ ವರ್ಷಕ್ಕಿಂತ ಈಚಿನದು. ಅಜ್ಜ ಮೊಮ್ಮಗನ ಹೆಗಲ ಮೇಲೆ ಕೂತಿದ್ದಾನೆ! ಇದು ಹೇಗಾಯಿತು ಅಂತ ಭೂವಿಜ್ಞಾನಿಗಳು 19ನೇ ಶತಮಾನದಲ್ಲಿ ಜಗಳಾಡಿದರು. ಸ್ವಿಟ್ಜರ್ಲೆಂಡಿನವರೇ ಆದ ಆಲ್ಬರ್ಟ್ ಹೈಮ್, ಪದರಗಳು ಎರಡು ಕಡೆಯಿಂದ ಮಡಚಿಕೊಂಡಿವೆ ಅಂದರು. 1884ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬರ್ಟ್ರಾಂಡ್ ಆ ಜಾಗಕ್ಕೆ ಬರದೆಯೇ, ಹೈಮ್ ಬರೆದದ್ದನ್ನೇ ಓದಿ, ಮಡಿಕೆಯಲ್ಲ, ಒಂದೇ ದಿಕ್ಕಿನಿಂದ ಹಳೆಯ ಕಲ್ಲು ಹೊಸದರ ಮೇಲೆ ಜಾರಿ ಬಂದಿದೆ ಅಂದರು. ಬರ್ಟ್ರಾಂಡ್ ಹೇಳಿದ್ದೇ ಸರಿಯಾಗಿತ್ತು. ಹೈಮ್ ಒಪ್ಪಿಕೊಳ್ಳುವುದಕ್ಕೆ ಸುಮಾರು 20 ವರ್ಷ ಬೇಕಾಯಿತು.

ನಿಮ್ಮ ಲೇಖನದಲ್ಲಿ ಈ ಹೈಮ್ ಎರಡು ಕಡೆ ಬರುತ್ತಾರೆ, ಒಂದು ಕಡೆ ‘ಹೈಮ್’, ಇನ್ನೊಂದು ಕಡೆ ‘ಹೀಮ್’. ಇಬ್ಬರೂ ಒಬ್ಬರೇ ಅಂತ ನಿಮಗೆ ಗೊತ್ತಾಗಿರಲಿಲ್ಲ, ಅಲ್ವಾ? ಕಲ್ಲಿನ ಲೆಕ್ಕ ತಪ್ಪಿದವರೂ ಅವರೇ, 1881ರಲ್ಲಿ ಎಲ್ಮ್ ಮೇಲೆ ಬೆಟ್ಟ ಕುಸಿದ ದುರಂತವನ್ನು ಅಳೆದು, ಕೇಳಿ, ಬರೆದಿಟ್ಟವರೂ ಅವರೇ. ಇಂಥ ಮನುಷ್ಯ ಸಿಕ್ಕಾಗ ಬಿಡಬಾರದು.

ಈಗ ಸ್ಲೇಟು. ಕೆಳಗೆ ಸಿಕ್ಕಿಕೊಂಡ ಆ ಚಿಕ್ಕ ವಯಸ್ಸಿನ ಕಲ್ಲಿನಲ್ಲೇ ಹಾಳೆ ಹಾಳೆಯಾಗಿ ಸೀಳುವ ಪದರ ಇರುವುದು. ಅದರಿಂದ ಸ್ಲೇಟು ಮಾಡಿದರು, ಸೂರಿಗೆ ಹೊದಿಸಿದರು. ದನ, ಹುಲ್ಲು, ಹಾಲು ಬಿಟ್ಟರೆ ಬೇರೆ ದುಡಿಮೆ ಕಡಿಮೆಯಿದ್ದ ಕಣಿವೆಗೆ ಇದು ಕೈಗೆ ಕಾಸು ತಂದಿತು. ಎಲ್ಮ್‌ನವರು 1868ರಿಂದ ಊರಿನ ನೆತ್ತಿಯ ಮೇಲಿದ್ದ ಇಳಿಜಾರಿನ ಬುಡವನ್ನೇ ಕೊರೆಯುತ್ತಾ ಹೋದರು. ಗಣಿ ಕೆಲಸ ಬಲ್ಲವರ ಲೆಕ್ಕಾಚಾರವಿಲ್ಲ. ಸುಮಾರು 180 ಮೀಟರ್ ಅಗಲಕ್ಕೆ, 60 ಮೀಟರಿನಷ್ಟು ಒಳಕ್ಕೆ ತೆಗೆದರು. ಮೇಲೆ ಬೆಟ್ಟ ಹಾಗೇ ನಿಂತಿತ್ತು.

ನೀವು ಬರೆದದ್ದು: ‘1881ರಲ್ಲಿ ಭೀಕರ ಭೂಕುಸಿತ ಸಂಭವಿಸಿ ಅಪಾರ ಸಾವುನೋವು ಉಂಟಾಯಿತು.’ ‘ಸಂಭವಿಸಿ’ ಅನ್ನುವುದನ್ನು ಮೊದಲು ಹೊಡೆದುಹಾಕಿ. ಆ ಪದ ಎಲ್ಲರನ್ನೂ ಬಿಡುಗಡೆ ಮಾಡಿಬಿಡುತ್ತದೆ. ‘ಅಪಾರ’ವೂ ಬೇಡ. ನಡೆದದ್ದನ್ನು ನಡೆದ ಹಾಗೆ ಹೇಳಿ ಸಾಕು. ಸೆಪ್ಟೆಂಬರ್ 11, ಭಾನುವಾರ. ಮೇಲೆ ಬಿರುಕು ಅಗಲವಾಗುತ್ತಿದೆ, ಮಳೆ ಹಿಡಿದಿದೆ, ಕ್ವಾರಿಯ ಕೆಲಸ ನಿಂತಿದೆ. ಹಿಂದಿನ ದಿನ ಬಂದು ನೋಡಿದವರಿಗೂ ಇಷ್ಟು ಬೇಗ ಬೀಳುತ್ತದೆ ಅನಿಸಿರಲಿಲ್ಲ. ಸಂಜೆ ಐದು ದಾಟಿದ ಮೇಲೆ ಒಂದು ಭಾಗ ಬಿತ್ತು. ಜನ ಓಡಿಬಂದರು, ಕೆಲವರು ಸಹಾಯಕ್ಕೆ, ಕೆಲವರು ಸುಮ್ನೆ ನೋಡುವುದಕ್ಕೆ. 17 ನಿಮಿಷ ಕಳೆದು ಇನ್ನೊಂದು ಭಾಗ. ಉಳಿದವರು ಎದುರಿನ ಡ್ಯೂನಿಬೆರ್ಗ್ ಇಳಿಜಾರು ಹತ್ತಿದರು. ಎತ್ತರಕ್ಕೆ ಹೋದರೆ ಬದುಕುತ್ತೇವೆ ಅಂತ ಯಾರಿಗಾದರೂ ಅನಿಸುತ್ತದೆ. ನಾಲ್ಕು ನಿಮಿಷಕ್ಕೆ ಬೆಟ್ಟವೇ ಬಂತು. ಕೆಳಗೆ ಬಿದ್ದ ಕಲ್ಲು ಅಲ್ಲಿಗೇ ನಿಲ್ಲಲಿಲ್ಲ, ನೀರಿನ ಹಾಗೆ ಹರಿಯಿತು. ಡ್ಯೂನಿಬೆರ್ಗ್ ಹತ್ತಿದವರ ಹಿಂದೆಯೇ ತಾನೂ ಹತ್ತಿತು. ಅಲ್ಲಿಂದ ತಿರುಗಿ ಕಣಿವೆಯುದ್ದಕ್ಕೂ ಒಂದು ಕಿಲೋಮೀಟರಿಗೂ ದೂರ ಹೋಗಿ ನಿಂತಿತು. ಒಟ್ಟು ಸುಮಾರು 1 ಕೋಟಿ ಘನ ಮೀಟರ್ ಕಲ್ಲು. ಸತ್ತವರು 110ಕ್ಕೂ ಹೆಚ್ಚು.

ಅಷ್ಟು ಕಲ್ಲು ಅಷ್ಟು ದೂರ ಹೇಗೆ ಹರಿಯಿತು ಎನ್ನುವ ಪ್ರಶ್ನೆಯನ್ನು ವಿಜ್ಞಾನಿಗಳು ಇವತ್ತಿಗೂ ಎಲ್ಮ್‌ನ ಹೆಸರು ಹೇಳಿಯೇ ಎತ್ತುತ್ತಾರೆ. ಇದಕ್ಕೆ ಕನಿಷ್ಠ ಒಂದು ಪುಟ ಕೊಡಿ. ಆ 17 ನಿಮಿಷಕ್ಕೇ ಅರ್ಧ ಪುಟ ಹೋದರೂ ನನ್ನ ತಕರಾರಿಲ್ಲ.

ಒಂದು ಎಚ್ಚರಿಕೆ. ‘ನಮ್ಮಜ್ಜ ಅಕ್ಷರ ತಿದ್ದಿದ ಸ್ಲೇಟೂ ಈ ಬೆಟ್ಟದ್ದೇ ಇರಬಹುದು’ ಅಂತ ಬರೆದಿದ್ದೀರಿ. ಆಸೆ ಅರ್ಥವಾಗುತ್ತದೆ. ಎಂಜಲು ಹಚ್ಚಿ ಸ್ಲೇಟು ಒರೆಸಿ ಮೇಷ್ಟ್ರ ಹತ್ತಿರ ಬೈಸಿಕೊಂಡವನು ನಾನೂ. ಆದರೆ ನಮ್ಮ ಕಡೆ ಸ್ಲೇಟು ಅಂದರೆ ಆಂಧ್ರದ ಮಾರ್ಕಾಪುರದ ಹೆಸರು ಕೇಳಿದ್ದೇವೆ. ಪುರಾವೆ ಇಲ್ಲದ ನೆಂಟಸ್ತಿಕೆ ಬೇಡ. ಓದುಗರ ಕೈಯಲ್ಲಿ ಹೇಗೂ ಒಂದು ಸ್ಲೇಟಿನ ನೆನಪು ಇರುತ್ತದೆ, ನೀವು ತುರುಕಬೇಕಾಗಿಲ್ಲ. ಹಾಗೆಯೇ ಕೊನೆಯ ಪ್ಯಾರಾದಲ್ಲಿ ಕೊಡಗು, ಶಿರೂರು ತಂದು ‘ನಾವೂ ಪಾಠ ಕಲಿಯಬೇಕಿದೆ’ ಅಂದಿದ್ದೀರಲ್ಲ, ಅದೂ ಹೋಗಲಿ.

ಇನ್ನೊಂದು ವಿಷಯ ಸ್ವಲ್ಪ ಕಹಿ. ಮಾರ್ಟಿನ್ಸ್‌ಲೋಖ್, ಅಂದರೆ ಶಿಖರದಲ್ಲಿರುವ ತೂತು. ಅದರ ಮೂಲಕ ಸೂರ್ಯನ ಬೆಳಕು ಬಂದು ಚರ್ಚಿನ ಗೋಪುರಕ್ಕೆ ಬಿದ್ದಾಗ ‘ಮೈ ಜುಮ್ಮೆಂದಿತು’ ಅಂತ ಬರೆದಿದ್ದೀರಿ. ನೀವು ಹೋದದ್ದು ಜುಲೈನಲ್ಲಿ. ಆ ಬೆಳಕು ಗೋಪುರಕ್ಕೆ ಬೀಳುವುದು ಮಾರ್ಚ್ ಮಧ್ಯದ ಹೊತ್ತಿಗೆ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ನೋಡದೇ ಇದ್ದದ್ದಕ್ಕೆ ಜುಮ್ಮೆನ್ನಬಾರದು. ‘ತೂತು ನೋಡಿದೆ, ಬೆಳಕು ನೋಡಲಿಲ್ಲ’ ಅಂತ ಬರೆಯಿರಿ, ಚೆನ್ನಾಗಿರುತ್ತದೆ. ಕುರಿ ಕದಿಯಲು ಬಂದ ದೈತ್ಯನಿಗೆ ಮಾರ್ಟಿನ್ ಕೋಲು ಬೀಸಿ ಬೆಟ್ಟ ತೂತಾದ ಕಥೆಗೆ ಒಂದು ಪುಟ ಯಾಕೆ, ಎರಡು ಸಾಲು ಸಾಕು.

ರಷ್ಯನ್ ಸೇನಾನಿ ಸುವೊರೊವ್‌ನದೂ ಜಾಸ್ತಿಯಾಯಿತು. ಯುರೋಪಿನ ಯುದ್ಧದ ಹಿನ್ನೆಲೆಯೆಲ್ಲ ಬಿಟ್ಟುಬಿಡಿ. 1799ರ ಅಕ್ಟೋಬರ್ 5ರ ರಾತ್ರಿ ಸೋತು ಸುಣ್ಣವಾದ ರಷ್ಯನ್ ಸೈನ್ಯ ಈ ಕೊನೇ ಊರಿಗೆ ಬಂತು. ಬೆಳಗಾದರೆ 2400 ಮೀಟರ್ ಎತ್ತರದ ಪಾನಿಕ್ಸ್ ಕಣಿವೆದಾರಿಯನ್ನು ಹಿಮದಲ್ಲಿ ದಾಟಬೇಕು. ನಿಮ್ಮ ಬಸ್ಸು ನಿಂತ ಜಾಗದಿಂದ ಅವರು ನಡೆದರು. ಇಷ್ಟು ಹೇಳಿದರೆ ನಿಮ್ಮ ಮೊದಲ ಪ್ಯಾರಾಕ್ಕೂ ಕೊಂಡಿ ಬೀಳುತ್ತದೆ.

ಸ್ಕೀ ಚಾಂಪಿಯನ್ ಫ್ರೇನಿ ಶ್ನೈಡರ್, ನೀವು ಕುಡಿದ ಎಲ್ಮರ್ ಸಿಟ್ರೊ ಎರಡೂ ಇರಲಿ, ಬೇಗ ಮುಗಿಸಿ. ‘ಎಲ್ಮ್ ಪಂಚಾಯಿತಿ’ ಅಂದದ್ದು ತಪ್ಪು. ಗ್ಲಾರುಸ್‌ನವರು 2006ರಲ್ಲಿ ಬಯಲಿನಲ್ಲಿ ಸೇರಿ ಕೈ ಎತ್ತಿ, 25 ಪಂಚಾಯಿತಿಗಳನ್ನು 3 ಮಾಡುತ್ತೇವೆ ಅಂತ ತೀರ್ಮಾನಿಸಿದರು. 2011ರಿಂದ ಎಲ್ಮ್ ಆ ಮೂರರಲ್ಲಿ ಒಂದಾದ ‘ಗ್ಲಾರುಸ್ ಸ್ಯೂಡ್’ ಒಳಗಿದೆ. ಮತ್ತೆ ಆ ಹಳೇ ಮರದ ಮನೆಗಳ ಬಗ್ಗೆ ‘ಚಿತ್ರದಂತಿವೆ’ ಅನ್ನುವ ಬದಲು, ಊರಿನ ಚಹರೆ ಉಳಿಸಿಕೊಂಡದ್ದಕ್ಕೆ ವಾಕರ್ ಪ್ರಶಸ್ತಿ ಬಂದದ್ದು 1981ರಲ್ಲಿ ಅಂತ ಬರೆಯಿರಿ. ಯಾವ ವರ್ಷ ಅಂತ ಒತ್ತಿ ಹೇಳಬೇಡಿ. ಓದುಗರು ಲೆಕ್ಕ ಹಾಕುತ್ತಾರೆ.

ತಿದ್ದಿ ಕಳಿಸಿ, 1200 ಪದ ದಾಟದಿರಲಿ. ಆ ಕೊನೇ ಸ್ಟಾಪಿನ ಫೋಟೋ ಇದ್ದರೆ ಜೊತೆಗೆ ಹಾಕಿ, ನೀವು ಕಳಿಸಿರುವ ದನದ ಗಂಟೆಯ ಫೋಟೋ ಬೇಡ. ಮತ್ತೆ ಈ ಸಲ ಯೂನಿಕೋಡ್‌ನಲ್ಲಿ ಕಳಿಸಿ. ನುಡಿ ಫಾಂಟಿನಲ್ಲಿ ಬಂದ ಒತ್ತಕ್ಷರಗಳೆಲ್ಲ ಇಲ್ಲಿ ಪುಡಿಪುಡಿಯಾಗಿವೆ.

— ಸಂಪಾದಕ