ಯಾರ್ಡ್ಲಿ ಲ್ಯಾವೆಂಡರ್ ಪರಿಮಳಕ್ಕೆ ಹಳೆಯದೆಲ್ಲ ಯಾಕೆ ನೆನಪಾಗುತ್ತದೆ?

ಲಂಡನ್ನಿನ ಯಾರ್ಡ್ಲಿಯವರು ಇದನ್ನು ಮಾರುಕಟ್ಟೆಗೆ ತಂದದ್ದು 1873ರಲ್ಲಿ. ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಿಗೆ ಅದು ಬಂದದ್ದು ಮಾತ್ರ ಗಲ್ಫಿನಿಂದ. ಊರಿಗೆ ಬಂದವರು ಪೆಟ್ಟಿಗೆ ಬಿಚ್ಚಿದರೆ ಟ್ಯಾಂಗ್ ಪುಡಿ, ಟೈಗರ್ ಬಾಮ್, ಅತ್ತರಿನ ನಡುವೆ ಒಂದು ಯಾರ್ಡ್ಲಿ ಪೌಡರ್ ಡಬ್ಬಿ ಇದ್ದೇ ಇರುತ್ತಿತ್ತು. ಮದುವೆ, ಕೋಲ, ಬಯಲಾಟ ಎಂದು ಹೊರಟಾಗ ಮಾತ್ರ ಅದರ ಮುಚ್ಚಳ ತಿರುಗುವುದು! ಹಾಗಾಗಿ ಆ ಪರಿಮಳಕ್ಕೆ ಸಂಭ್ರಮದ ದಿನಗಳೇ ಅಂಟಿಕೊಂಡಿವೆ.

ವಾಸನೆಯ ಸುದ್ದಿ ಮಿದುಳಿನಲ್ಲಿ ನೆನಪು, ಭಾವನೆಗಳ ಜಾಗಕ್ಕೆ ಬಹುತೇಕ ನೇರವಾಗಿ ಹೋಗುತ್ತದೆ. ಕಣ್ಣು, ಕಿವಿಯದ್ದಕ್ಕೆ ಸುತ್ತು ದಾರಿ.

ಈಗ ಇದರ ಸೆಂಟು ಕೊಳ್ಳುವುದಾದರೆ ಊದ್ ಅತ್ತರಿನ ಹಾಗೆ ದಿನವಿಡೀ ನಿಂತೀತು ಎಂದುಕೊಳ್ಳಬೇಡಿ. ಲ್ಯಾವೆಂಡರಿಗೆ ಪರಿಮಳ ಕೊಡುವ ಲಿನಲೂಲ್ ಎಂಬ ಅಂಶ ಬೇಗ ಆರುವಂಥದ್ದು, ನಮ್ಮ ಸೆಕೆಗೆ ಇನ್ನೂ ಬೇಗ. ಮೈಗಿಂತ ಕರ್ಚೀಫಿಗೆ ಹಾಕಿಕೊಳ್ಳುವುದೇ ವಾಸಿ.