ರಿಯಾಜಿಗೆ ಟೈಮ್ ಎಲ್ಲೈತ್ರಿ ಅಕ್ಕಾರ?

ಪ್ರಶ್ನೆ: ಅಕ್ಕಾರ, ನಮ್ಮ ಮನಿ ಧಾರವಾಡದಾಗ, ಕೆಲಸ ಹುಬ್ಬಳ್ಳ್ಯಾಗ. ಹಿಂದೂಸ್ತಾನಿ ಸಂಗೀತ ಕಲಿಯಾಕ ಹತ್ತಿ 2 ವರ್ಷ ಆತು, ಈಗ ಯಮನ್ ರಾಗ ನಡದೈತಿ. ಮುಂಜಾನೆ ರೊಟ್ಟಿ, ಮಕ್ಕಳ ಡಬ್ಬಿ, ಬಸ್ಸು, ಸಂಜಿಗೆ ಮನಿ ಮುಟ್ಟೂದ್ರಾಗ ಏಳೂವರಿ. ದಿನಾ ಒಂದ ತಾಸ ರಿಯಾಜ್ (ಹಾಡಿನ ಅಭ್ಯಾಸ) ಮಾಡು ಅಂತಾರ ಗುರುಗಳು, ಎಲ್ಲಿಂದ ತರ್ಲಿ? ಭಾನವಾರ ಮೂರ ತಾಸ ಕೂಡ್ತೇನಿ, ಸಾಕಾಗ್ತೈತೇನ್ರಿ?
— ಒಬ್ಬ ಓದುಗರು, ಧಾರವಾಡ

ಉತ್ತರ: ಸಾಕಾಗೂದಿಲ್ಲವಾ ತಂಗಿ. ಆರ ದಿನ ಸುಮ್ಮನಿದ್ದ ಗಂಟಲಕ್ಕ ಏಳನೇ ದಿನ ಮೂರ ತಾಸ ದುಡಿಸಿದ್ರ ಸೋಮವಾರ ದನಿ ಕೂತಿರ್ತೈತಿ, ಮತ್ತ ಮುಂದಿನ ಭಾನವಾರ ಹಿಂದಿನದ್ದ ನೆನಪ ಮಾಡ್ಕೊಳ್ಳೂದ್ರಾಗ ಅರ್ಧಾ ಹೊತ್ತು ಹೋಗಿಬಿಡ್ತೈತಿ. ಆ ಒಂದ ತಾಸಿನ ಮಾತ ಸದ್ಯ ಬಿಡು, 20 ನಿಮಿಷ ಹಿಡಿ, ಆದ್ರ ದಿನಾ.

ನನ್ನ ಮಗಾ ಸಣ್ಣಾಂವ ಇದ್ದಾಗ ಹಾರ್ಮೋನಿಯಂ ಕಪಾಟಿನ ಮ್ಯಾಲಿತ್ತು, ಅದರ ಮ್ಯಾಲ ಚಾದರ, ಚಾದರದ ಮ್ಯಾಲ ಹಪ್ಪಳದ ಡಬ್ಬಿ. ಅದನ್ನ ಇಳಿಸೂದ್ರಾಗ ಕೂಸು ಎದ್ದಿರ್ತಿತ್ತು! ಕಡೀಕ ನಮ್ಮ ಅತ್ತಿಯಾರ ಬೈದು ಅಡಗಿಮನಿ ಬಾಗಲ ಹತ್ರ ಇಡಿಸಿದ್ರು, ಅವತ್ತಿಂದ ಶುರು ಆತ ನೋಡು. ನೀನೂ ತಾನ್‌ಪುರಾ (ತಂಬೂರಿ ಶ್ರುತಿ) ಆ್ಯಪ್ ನಿನ್ನ ಸ್ವರಕ್ಕ ಸೆಟ್ ಮಾಡಿಟ್ಟು, ಚಹಾಕ್ಕ ನೀರಿಡೂ ಮೊದಲ ಹಚ್ಚಿಬಿಡು.

ಎದ್ದ ಕೂಡ್ಲೇ ತಾನ್ (ಜೋರಾಗಿ ಓಡೂ ಸ್ವರಸಾಲು) ಹೊಡಿಯಾಕ ಹೋಗಬ್ಯಾಡ. ಮೊದಲ ಐದಾರ ನಿಮಿಷ ಸಾ ಹಿಡಿ, ಉಸರು ಮುಗಿಯೂತನಕ, ಆಮ್ಯಾಲೆ ನಿ, ಧ, ಪ ಅಂತ ಮಂದ್ರಕ್ಕ (ಕೆಳಗಿನ ಸಪ್ತಕಕ್ಕ) ಇಳಿ, ಸಲೀಸ ಹೋದಷ್ಟ ಹೋಗು, ಒತ್ತಬ್ಯಾಡ. ಆಮ್ಯಾಲೆ ಒಂದ ಪಲ್ಟಾ, ಅಂದ್ರ ಸ್ವರಗಳ್ನ ಜೋಡಿಸಿ ತಿರುಗಿಸಿ ಹಾಡೂ ಪಾಠ. ಒಂದ ಅಂದ್ರ ಒಂದ, ವಾರಪೂರ್ತಿ ಅದ. ನಿರೇಗ, ರೇಗಮ, ಗಮಧ, ಮಧನಿ ತಗೊ, ಭಾಳ ಸಾವಕಾಶ. ಯಮನ್‌ನಾಗ ಕೈಕೊಡೂದು ತೀವ್ರ ಮಧ್ಯಮ, ಅಂದ್ರ ಶುದ್ಧ 'ಮ'ಕ್ಕಿಂತ ಅರ್ಧ ಸ್ವರ ಮ್ಯಾಲಿನ 'ಮ'; ಗಂಧಾರದಿಂದ ('ಗ'ದಿಂದ) ಏರೂಮುಂದ ಅದು ಶುದ್ಧ ಮಧ್ಯಮದ ಕಡೆ ಜಾರ್ತೈತಿ, ಹಾಡೂಮುಂದ ನಮಗ ಗೊತ್ತಾಗೂದಿಲ್ಲ, ಅದಕ್ಕ ಫೋನಿನಾಗ ರೆಕಾರ್ಡ್ ಮಾಡ್ಕೊ. ಯಮನ್ ರಾತ್ರಿ ಮೊದಲ್ನೇ ಪ್ರಹರದ (ಹೊತ್ತು ಮುಳುಗಿದ ಮ್ಯಾಲಿನ ಮೂರ ತಾಸಿನ) ರಾಗ, ಅದನ್ನ ಮುಂಜಾನೆ ಹೆಂಗ ಹಾಡ್ಲಿ ಅಂತೀಯೇನು? ಪಲ್ಟಾ ತಿದ್ದಾಕ ಆ ನಿಯಮ ಹಚ್ಚಿ ಕುಂದ್ರಬ್ಯಾಡ. ಮನಸ್ಸ ಒಪ್ಪಲಿಲ್ಲಂದ್ರ ಗುರುಗಳ್ನ ಕೇಳಿ ಮುಂಜಾನೆಗೆ ಭೈರವ್ ರಾಗ ತಗೊ.

ರೆಕಾರ್ಡ್ ಮಾಡಿದ್ದನ್ನ ಚಿಗರಿ ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡ ಕೇಳು, ನಾಚಿಕಿ ಬರ್ತೈತಿ, ಬರ್ಲಿ. ಸೀಟ್ ಸಿಕ್ಕ್ರ ತೀನ್‌ತಾಲ್ ತಾಳ ಎಣಿಸು: ಕಿರಿಬೆರಳಿಂದ ಶುರು ಮಾಡಿ ಒಂದ ಬೆರಳಿಗೆ ನಾಕ ಮಾತ್ರಾ (ಎಣಿಕಿ), ನಾಕ ಬೆರಳಿಗೆ 16, ನಡುಬೆರಳು ಬಂತಂದ್ರ 9, ಅಲ್ಲೇ ಖಾಲಿ (ಚಪ್ಪಾಳಿ ಹೊಡಿಯದ ಜಾಗ). ಮನಸ್ಸಿನಾಗ ಬಂದಿಶ್ (ರಾಗದಾಗ ಕಟ್ಟಿದ ಹಾಡು) ಹಾಡ್ಕೊಂತ ಸಮ್ (ತಾಳದ ಮೊದಲ್ನೇ ಮಾತ್ರಾ) ಬರೋಬ್ಬರಿ ಕಿರಿಬೆರಳಿಗೆ ಬೀಳ್ತೈತೋ ಇಲ್ಲೋ ನೋಡು. ದೊಡ್ಡ ಗಾಯಕಿ ಗಂಗೂಬಾಯಿ ಹಾನಗಲ್ ಅವರು ತಮ್ಮ ಗುರು ಸವಾಯಿ ಗಂಧರ್ವರ ಕಡೆ ಕಲಿಯಾಕ ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನಾಗ ಹೋಗಿಬರ್ತಿದ್ರು, ಮನಿ-ಮಕ್ಕಳು ಅವರಿಗೂ ಇದ್ದವು. ಹಂಗಾಗಿ ಬಸ್ಸಿನ ಹೊತ್ತನ್ನ ದಂಡ ಅನ್ನಬ್ಯಾಡ.

ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಪಿಸುದನಿಲೆ ಹಾಡೂದ ಮಾತ್ರ ಬ್ಯಾಡ, ಬಿಚ್ಚಿ ಹಾಡೂದಕ್ಕಿಂತ ಅದ ಗಂಟಲಕ್ಕ ಜಾಸ್ತಿ ತ್ರಾಸು. ನೆಗಡಿ ಆದ ದಿನ ಸುಮ್ಮನ ಬಂದಿಶ್ ಬರಕೊಂತ ಕೂಡು.

ಮತ್ತ 20 ನಿಮಿಷ ಮಾಡಿದ್ರ 20 ಅಂತನ ಹೇಳವಾ ಗುರುಗಳಿಗೆ. ಒಂದ ತಾಸ ಮಾಡೇನಿ ಅಂತ ನನ್ನ ಕಡೆ ಕಲಿಯೂ ಹುಡುಗ್ರೂ ಹೇಳ್ತಾವು, ಮೊದಲನೇ ಸಾ ಹಚ್ಚೂದ್ರಾಗ ನನಗ ತಿಳಿದಿರ್ತೈತಿ.