ನಕ್ಷೆಯಲ್ಲಿ ಬರೆಯದೆ ಬಿಟ್ಟ ಮಾತು: ಮರದ ಮಾದರಿ ವಿಮಾನ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಬಾಲ್ಸಾ ಎಂಬ ತೀರಾ ಹಗುರಾದ ಮರದ ಮಾದರಿ ವಿಮಾನದ್ದೇ. ಕಿಟ್ ತಂದವರಿಗೆ ಕತ್ತರಿಸಿದ ತುಂಡುಗಳ ಜೊತೆ ಒಂದೊಂದೇ ಹಂತದ ಸೂಚನೆಯೂ ಸಿಗುತ್ತದೆ. ನಕ್ಷೆ ಹಿಡಿದು ಹೊರಟವರಿಗೆ ಸಿಗುವುದು ಕಾಗದ ಮಾತ್ರ. ಅದರಲ್ಲಿ ಇರುವುದು ಕಟ್ಟಿ ಮುಗಿಸಿದ ವಿಮಾನ. ಯಾವುದನ್ನು ಮೊದಲು ಅಂಟಿಸಬೇಕು, ಯಾಕೆ ಹಾಗೆ ಅನ್ನುವುದನ್ನು ನಕ್ಷೆ ಬರೆದವರು ನಿಮಗೆ ಗೊತ್ತಿದೆ ಅಂದುಕೊಂಡು ಬಿಟ್ಟಿರುತ್ತಾರೆ. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಬಿಟ್ಟ ಜಾಗದವೇ.

ಪ್ರಶ್ನೆ: ನಕ್ಷೆಯನ್ನು ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆದು ಜೋಡಿಸಿದೆ. ರೆಕ್ಕೆ 1200 ಮಿ.ಮೀ. ಅಂತ ಬರೆದಿದೆ, ಅಳೆದರೆ 1164 ಬರುತ್ತಿದೆ. ಹಾಗೇ ಕಟ್ಟಬಹುದೇ?

ನಿಮ್ಮ ಪ್ರಿಂಟರ್ ಚಿತ್ರವನ್ನು ಹಾಳೆಯ ಒಳಗೆ ಕೂರಿಸಲು ಶೇ. 97ಕ್ಕೆ ಇಳಿಸಿದೆ. ಸೆಟಿಂಗ್‌ನಲ್ಲಿ 'ಆಕ್ಚುಯಲ್ ಸೈಜ್' ಅಥವಾ ಶೇ. 100 ಅಂತ ಇಟ್ಟು ಮತ್ತೆ ತೆಗೆಯಿರಿ. ಎಲ್ಲ ಹಾಳೆಯನ್ನೂ ಒಟ್ಟಿಗೆ ತೆಗೆಯಬೇಡಿ. ಅಳತೆಪಟ್ಟಿ ಇರುವ ಒಂದು ಹಾಳೆ ತೆಗೆದು, ಉದ್ದಕ್ಕೂ ಅಗಲಕ್ಕೂ ಸ್ಕೇಲ್ ಇಟ್ಟು ನೋಡಿ, ಸರಿ ಇದ್ದರೆ ಮುಂದುವರಿಯಿರಿ.

ಎರಡೂ ದಿಕ್ಕಿನಲ್ಲಿ ಸಮನಾಗಿ ಶೇ. 3 ಕಡಿಮೆಯಾಗಿದ್ದರೆ ವಿಮಾನ ಹಾರುತ್ತದೆ, ಸ್ವಲ್ಪ ಚಿಕ್ಕದಾಗಿರುತ್ತದೆ ಅಷ್ಟೇ. ತೊಂದರೆ ಬರುವುದು ಒಂದೇ ದಿಕ್ಕಿನಲ್ಲಿ ಕುಗ್ಗಿದಾಗ. ಹಳೆಯ ನಕ್ಷೆಗಳ ಜೆರಾಕ್ಸ್‌ನಲ್ಲಿ ಇದು ಜಾಸ್ತಿ. ಆಗ ವಿಮಾನದ ಮೈಯಾದ ಫ್ಯೂಸಲಾಜ್‌ನ ಪಕ್ಕದ ಚಿತ್ರಕ್ಕೂ ಅಡ್ಡ ಚೌಕಟ್ಟುಗಳ ಚಿತ್ರಕ್ಕೂ ತಾಳೆಯೇ ಆಗುವುದಿಲ್ಲ.

ಇನ್ನೊಂದು ವಿಷಯ. ಹಳೆಯ ನಕ್ಷೆಗಳು ಇಂಚಿನಲ್ಲಿರುತ್ತವೆ. 1/16 ಇಂಚು ಅಂದರೆ 1.6 ಮಿ.ಮೀ., 3/32 ಅಂದರೆ 2.4. ನಿಮಗೆ ಸಿಕ್ಕ ಮರ 1.5 ಅಥವಾ 2 ಮಿ.ಮೀ. ಇರಬಹುದು. ಅದಕ್ಕೇ ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಕ್ಕೆಲುಬುಗಳಾದ ರಿಬ್‌ಗಳ ಕಚ್ಚನ್ನು ನಕ್ಷೆಯ ಗೆರೆ ನೋಡಿ ಕತ್ತರಿಸಬೇಡಿ. ರೆಕ್ಕೆಯ ಉದ್ದಕ್ಕೂ ಹೋಗುವ ಆಧಾರದ ಕಡ್ಡಿಯನ್ನೇ (ಸ್ಪಾರ್) ರಿಬ್ ಮೇಲಿಟ್ಟು ಗುರುತು ಮಾಡಿಕೊಳ್ಳಿ. ಕಡ್ಡಿ ಕೈಯಲ್ಲಿ ಒತ್ತಿದರೆ ಕೂರಬೇಕು, ತಲೆಕೆಳಗೆ ಮಾಡಿದರೆ ಬೀಳಬಾರದು.

ಪ್ರಶ್ನೆ: ನಕ್ಷೆಯಲ್ಲಿ '1/16 ಬಾಲ್ಸಾ' ಅಂತ ಮಾತ್ರ ಇದೆ. ಎಲ್ಲ ಬಾಲ್ಸಾ ಒಂದೇ ಅಲ್ವಾ?

ಅಲ್ಲ. ವಿಮಾನ ಹಗುರಾಗುವುದೂ ಭಾರವಾಗುವುದೂ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

36 ಇಂಚು ಉದ್ದ, 3 ಇಂಚು ಅಗಲ, 1/16 ಇಂಚು ದಪ್ಪದ ಎರಡು ಹಾಳೆ ತೆಗೆದುಕೊಳ್ಳಿ. ಕಣ್ಣಿಗೆ ಎರಡೂ ಒಂದೇ. ತೂಕಕ್ಕೆ ಹಾಕಿದರೆ ಒಂದು 11 ಗ್ರಾಂ ಇರಬಹುದು, ಇನ್ನೊಂದು 21 ಗ್ರಾಂ. ಮಾದರಿ ವಿಮಾನಕ್ಕೆ ಬಳಸುವ ಬಾಲ್ಸಾದ ಸಾಂದ್ರತೆ ಒಂದು ಘನ ಮೀಟರಿಗೆ ಸುಮಾರು 100 ಕೆ.ಜಿ.ಯಿಂದ 200 ಕೆ.ಜಿ.ವರೆಗೂ ಹೋಗುತ್ತದೆ. ಹಾಗಾಗಿ ಮರ ತಂದ ಕೂಡಲೇ ಮೊದಲ ಕೆಲಸ, ಪ್ರತಿ ಹಾಳೆಯನ್ನೂ ಚಿಕ್ಕ ತಕ್ಕಡಿಯಲ್ಲಿ ತೂಗಿ ಮೂಲೆಯಲ್ಲಿ ಪೆನ್ಸಿಲ್‌ನಿಂದ ತೂಕ ಬರೆಯುವುದು.

ಗಟ್ಟಿಯಾದ ಭಾರದ ಮರ ಸ್ಪಾರ್‌ಗೆ. ನಡುವಿನದು ರಿಬ್‌ಗಳಿಗೆ, ಫ್ಯೂಸಲಾಜ್‌ಗೆ. ತೀರಾ ಹಗುರಾದದ್ದನ್ನು ಬಾಲಕ್ಕೆ ಎತ್ತಿಡಿ. ಬಾಲ ಗುರುತ್ವ ಕೇಂದ್ರದಿಂದ (ವಿಮಾನ ಸಮತೂಕದಲ್ಲಿ ನಿಲ್ಲುವ ಜಾಗ) 600 ಮಿ.ಮೀ. ಹಿಂದಿದ್ದು, ಮೂತಿ 200 ಮಿ.ಮೀ. ಮುಂದಿದ್ದರೆ ಬಾಲದಲ್ಲಿ ಸೇರಿದ ಪ್ರತಿ ಗ್ರಾಂಗೆ ಮೂತಿಯಲ್ಲಿ 3 ಗ್ರಾಂ ಸೀಸ ಹಾಕಬೇಕು. ಬಾಲದಲ್ಲಿ 10 ಗ್ರಾಂ ಉಳಿಸಿದರೆ ಒಟ್ಟಿನಲ್ಲಿ 40 ಗ್ರಾಂ ಉಳಿಯಿತು ಅಂತ ಲೆಕ್ಕ.

ಫ್ಯೂಸಲಾಜ್‌ನ ಎಡ ಬಲ ಬದಿಗಳಿಗೆ ಒಂದೇ ಗಡಸಿನ ಹಾಳೆ ಹುಡುಕಿ. ಬಾಲದ ಹತ್ತಿರ ಎರಡನ್ನೂ ಎಳೆದು ಸೇರಿಸುವಾಗ ಮೆತ್ತಗಿನದು ಜಾಸ್ತಿ ಬಾಗುತ್ತದೆ. ಆಗ ಮೇಲಿನಿಂದ ನೋಡಿದರೆ ಇಡೀ ಮೈ ಒಂದು ಪಕ್ಕಕ್ಕೆ ಓರೆ. ಅಂಟು ಒಣಗಿದ ಮೇಲೆ ಇದನ್ನು ಸರಿ ಮಾಡುವುದು ಕಷ್ಟ.

ತೂಕದ ಜೊತೆ ನಾರನ್ನೂ ನೋಡಬೇಕು. ದಿಮ್ಮಿಯನ್ನು ಯಾವ ದಿಕ್ಕಿನಿಂದ ಸೀಳಿದ್ದಾರೆ ಅನ್ನುವುದರ ಮೇಲೆ ಹಾಳೆಯ ಗುಣ ಬದಲಾಗುತ್ತದೆ. ಉದ್ದುದ್ದ ಗೆರೆಗಳಿರುವ ಹಾಳೆ 'ಎ' ಗ್ರೇನ್. ಅಗಲಕ್ಕೆ ಸುಲಭವಾಗಿ ಬಾಗುತ್ತದೆ, ರೆಕ್ಕೆಯ ಮುಂದಿನ ಅಂಚಾದ ಮುಂಚೂಣಿಗೆ ಸುತ್ತಿ ಅಂಟಿಸಲು ಅದೇ ಬೇಕು. ಹೊಳೆಯುವ ಚುಕ್ಕೆ ಚುಕ್ಕೆ ಮಚ್ಚೆ ಇರುವುದು 'ಸಿ' ಗ್ರೇನ್. ಅದು ಬಾಗಲ್ಲ, ಬಾಗಿಸಿದರೆ ಲಟಕ್ ಅಂತ ಸೀಳುತ್ತದೆ. ರಿಬ್ ಮತ್ತು ಬಾಲಕ್ಕೆ ಅದು ಹೇಳಿ ಮಾಡಿಸಿದ್ದು. 'ಬಿ' ಇವೆರಡರ ನಡುವೆ. ಹಾಳೆಯ ಎರಡು ಅಂಚು ಹಿಡಿದು ಮೆಲ್ಲಗೆ ಬಾಗಿಸಿ ನೋಡಿದರೆ ಯಾವುದು ಅಂತ ಕೈಗೇ ತಿಳಿಯುತ್ತದೆ.

ಬಾಲ್ಸಾ ಅಂದರೆ ಬರೀ ಆಟಿಕೆಯ ಮರ ಅಂತ ಮೂಗು ಮುರಿಯುವವರಿದ್ದಾರೆ. ಎರಡನೇ ಮಹಾಯುದ್ಧದ ಡಿ ಹ್ಯಾವಿಲೆಂಡ್ ಮಸ್ಕಿಟೊ ವಿಮಾನದ ಮೈ ಎರಡು ಪದರ ಬರ್ಚ್ ಪ್ಲೈವುಡ್ಡಿನ ನಡುವೆ ಬಾಲ್ಸಾ ಇಟ್ಟು ಮಾಡಿದ್ದು.

ಪ್ರಶ್ನೆ: ನಕ್ಷೆಯಲ್ಲಿ ಬಲ ರೆಕ್ಕೆ ಮಾತ್ರ ಇದೆ. ಎಡದ್ದನ್ನು ಮತ್ತೆ ಬರೆಯಬೇಕೇ?

ಬೇಡ. ಆ ಹಾಳೆಗೆ ಹತ್ತಿಯಲ್ಲಿ ಸ್ವಲ್ಪ ಅಡುಗೆ ಎಣ್ಣೆ ಸವರಿ. ಕಾಗದ ಪಾರದರ್ಶಕವಾಗುತ್ತದೆ, ಮಗುಚಿ ಹಾಕಿದರೆ ಎಡ ರೆಕ್ಕೆ. ಬಲ ರೆಕ್ಕೆ ಕಟ್ಟಿ ಮುಗಿಸಿದ ಮೇಲೆ ಎಣ್ಣೆ ಹಚ್ಚಿ, ಮೊದಲೇ ಹಚ್ಚಿದರೆ ಗೋಂದು ಹಿಡಿಯುವ ಜಾಗಕ್ಕೆಲ್ಲ ಜಿಡ್ಡು. ಎರಡೂ ಸಲ ನಕ್ಷೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ. ಕಂಪ್ಯೂಟರ್‌ನಲ್ಲಿ ಕನ್ನಡಿಬಿಂಬ ಮಾಡಿ ಪ್ರಿಂಟ್ ತೆಗೆದರೂ ಆಯಿತು.

ಪ್ರಶ್ನೆ: ರೆಕ್ಕೆಗೆ ಶಾಖಕ್ಕೆ ಬಿಗಿಯಾಗುವ ಪ್ಲಾಸ್ಟಿಕ್ ಫಿಲ್ಮ್ ಹೊದಿಸಿ ಇಸ್ತ್ರಿ ಹಾಕಿದ ಮೇಲೆ ತಿರುಚಿಕೊಂಡಿದೆ. ಒಂದು ತುದಿ ಮೇಲಕ್ಕೆ, ಇನ್ನೊಂದು ನೆಟ್ಟಗೆ. ಸ್ವಲ್ಪವೇ ಇದೆ, ಬಿಟ್ಟುಬಿಡಲೇ?

ಬಿಡಬೇಡಿ. ಮೊದಲು ಯಾವ ಕಡೆಗೆ ತಿರುಚಿದೆ ಅಂತ ನೋಡಿ. ರೆಕ್ಕೆಯನ್ನು ಮೇಜಿನ ಮೇಲಿಟ್ಟು, ಎರಡು ಮೂರು ಮೀಟರ್ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡಿ. ಹಿಂಬದಿಯ ಅಂಚು ತುದಿಯತ್ತ ಮೇಲಕ್ಕೆದ್ದಿದ್ದರೆ ಅದು ವಾಷ್‌ಔಟ್. ಕೆಳಕ್ಕೆ ಇಳಿದಿದ್ದರೆ ವಾಷ್‌ಇನ್.

ವಾಷ್‌ಔಟ್ ಎರಡೂ ತುದಿಯಲ್ಲಿ ಸಮನಾಗಿದ್ದರೆ ಒಳ್ಳೆಯದೇ. ನಿಧಾನವಾದಾಗ ರೆಕ್ಕೆಯ ಬುಡ ಮೊದಲು ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ, ತುದಿಗಳಿಗೆ ಹಿಡಿತ ಉಳಿದಿರುತ್ತದೆ. ಎಷ್ಟೋ ನಕ್ಷೆಗಳಲ್ಲಿ ಇದನ್ನು ಬೇಕಂತಲೇ ಕೊಟ್ಟಿರುತ್ತಾರೆ. ಅಪಾಯ ಇರುವುದು ಒಂದು ತುದಿಯ ವಾಷ್‌ಇನ್‌ನಲ್ಲಿ. ಬಲ ರೆಕ್ಕೆಗೆ ವಾಷ್‌ಇನ್ ಇದೆ ಅಂದುಕೊಳ್ಳಿ. ವೇಗವಾಗಿ ಹೋಗುವಾಗ ಆ ರೆಕ್ಕೆ ಜಾಸ್ತಿ ಎತ್ತುತ್ತದೆ, ವಿಮಾನ ಎಡಕ್ಕೆ ವಾಲುತ್ತದೆ. ನೀವು ರಿಮೋಟಿನ ಟ್ರಿಮ್ (ಸಣ್ಣ ತಿದ್ದುಪಡಿಯ ಗುಂಡಿ) ಬಲಕ್ಕೆ ಕೊಟ್ಟು ಸರಿಯಾಯಿತು ಅಂತ ಸುಮ್ನೆ ಆಗುತ್ತೀರಿ. ಇಳಿಸಲು ನಿಧಾನ ಮಾಡಿದಾಗ ಅದೇ ಬಲ ತುದಿ ಮೊದಲು ಸ್ಟಾಲ್ ಆಗಿ, ವಿಮಾನ ಬಲಕ್ಕೆ ಮಗುಚುತ್ತದೆ. ನೆಲ ಹತ್ತಿರ ಇರುವಾಗ!

ಸರಿ ಮಾಡುವುದು ಹೀಗೆ. ಒಬ್ಬರನ್ನು ಜೊತೆಗೆ ಕರೆಯಿರಿ. ಅವರು ರೆಕ್ಕೆಯನ್ನು ಎದುರು ದಿಕ್ಕಿಗೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ತಿರುಚಿ ಹಿಡಿಯಲಿ. ಫಿಲ್ಮ್‌ನಲ್ಲಿ ಓರೆ ಓರೆ ಸುಕ್ಕು ಬೀಳುತ್ತದೆ. ಆ ಸುಕ್ಕುಗಳು ಹೋಗುವವರೆಗೆ ಮೇಲೂ ಕೆಳಗೂ ಇಸ್ತ್ರಿ ಆಡಿಸಿ. ಪೂರ್ತಿ ತಣ್ಣಗಾಗುವ ತನಕ ಕೈ ಬಿಡಬಾರದು. ಬಿಟ್ಟ ಮೇಲೆ ನೋಡಿ, ಬೇಕಿದ್ದರೆ ಮತ್ತೊಮ್ಮೆ. ಟಿಶ್ಯೂ ಕಾಗದ ಮತ್ತು ಅದನ್ನು ಬಿಗಿ ಮಾಡುವ ಡೋಪ್ ಎಂಬ ವಾರ್ನಿಷ್ ಹಚ್ಚಿದ ರೆಕ್ಕೆಯಾದರೆ ಇಸ್ತ್ರಿಯ ಬದಲು ಕುದಿಯುವ ನೀರಿನ ಹಬೆ ಹಿಡಿಯಬೇಕು.

ಇಷ್ಟು ಮಾಡಿಯೂ ಮತ್ತೆ ತಿರುಚಿಕೊಂಡರೆ ತಪ್ಪು ಫಿಲ್ಮ್‌ನದಲ್ಲ, ಚೌಕಟ್ಟಿನದು. ಮುಂಚೂಣಿಯ ಮೇಲೆ ಕೆಳಗೆ ಹಾಳೆ ಅಂಟಿಸಿ, ಹಿಂದೆ ಸ್ಪಾರ್‌ಗೆ ವೆಬ್ ಹಾಕಿದಾಗ ಅದೊಂದು ಮುಚ್ಚಿದ ಕೊಳವೆಯಾಗುತ್ತದೆ. ರೆಕ್ಕೆ ತಿರುಚದಂತೆ ತಡೆಯುವುದು ಆ ಕೊಳವೆ. ವೆಬ್ ಅಂದರೆ ಮೇಲಿನ ಸ್ಪಾರ್ ಮತ್ತು ಕೆಳಗಿನ ಸ್ಪಾರ್ ನಡುವೆ, ಒಂದು ರಿಬ್‌ನಿಂದ ಇನ್ನೊಂದಕ್ಕೆ ಕೂರಿಸುವ ಚಿಕ್ಕ ತುಂಡು. ಅದರ ನಾರು ಮೇಲಿಂದ ಕೆಳಕ್ಕೆ ನಿಂತಿರಬೇಕು, ಮಲಗಿರಬಾರದು. ತೂಕ ಉಳಿಸಲು ಇದನ್ನೇ ಬಿಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಹಾರುವಾಗ ಮೇಲಿನ ಸ್ಪಾರ್ ಒತ್ತಡದಲ್ಲಿರುತ್ತದೆ. ಆಧಾರ ಇಲ್ಲದಿದ್ದರೆ ಬಳುಕಿ ಮುರಿಯುತ್ತದೆ.

ಆ ಕೊಳವೆಯನ್ನು ಮುಚ್ಚುವ ಕೊನೆಯ ಹಾಳೆ ಅಂಟಿಸುವ ಗಳಿಗೆಯಲ್ಲಿ ರೆಕ್ಕೆ ಹೇಗಿರುತ್ತದೋ ಹಾಗೇ ಉಳಿಯುತ್ತದೆ. ಆದ್ದರಿಂದ ಆಗ ರೆಕ್ಕೆ ಹಲಗೆಗೆ ಗುಂಡುಸೂಜಿಯಲ್ಲಿ ಕೂತಿರಬೇಕು. ವಾಷ್‌ಔಟ್ ಬೇಕಿದ್ದರೆ ತುದಿಯ ಹಿಂಬದಿಯ ಅಂಚಿನ ಕೆಳಗೆ ಅಷ್ಟು ಎತ್ತರದ ಪಟ್ಟಿ ಆಗಲೇ ಇರಬೇಕು. 180 ಮಿ.ಮೀ. ಅಗಲದ ರೆಕ್ಕೆಗೆ 3 ಮಿ.ಮೀ. ಎತ್ತಿದರೆ ಸುಮಾರು 1 ಡಿಗ್ರಿ, 6 ಮಿ.ಮೀ. ಎತ್ತಿದರೆ 2 ಡಿಗ್ರಿ. ಹಲಗೆ ಸ್ವತಃ ನೇರವಾಗಿದೆಯೇ ಅಂತ ಮೊದಲೇ ನೋಡಿಕೊಳ್ಳಿ, ಅದರ ಡೊಂಕು ರೆಕ್ಕೆಗೂ ಬರುತ್ತದೆ.

ಪ್ರಶ್ನೆ: ಬಾಲದ ಅಡ್ಡ ರೆಕ್ಕೆ ಮುಖ್ಯ ರೆಕ್ಕೆಗೆ ಸಮಾನಾಂತರವಾಗಿಲ್ಲ. ಮೋಟಾರೂ ಸ್ವಲ್ಪ ಕೆಳಕ್ಕೆ, ಬಲಕ್ಕೆ ತಿರುಗಿದೆ. ನಕ್ಷೆಯೇ ತಪ್ಪೇ?

ತಪ್ಪಲ್ಲ, ನೇರ ಮಾಡಲು ಹೋಗಬೇಡಿ. ಮುಖ್ಯ ರೆಕ್ಕೆಗಿಂತ ಬಾಲ ಒಂದೆರಡು ಡಿಗ್ರಿ ಕಡಿಮೆ ಕೋನದಲ್ಲಿದ್ದರೆ, ಮೂತಿ ತಗ್ಗಿದಾಗ ವಿಮಾನ ತಾನೇ ಎದ್ದುಕೊಳ್ಳುತ್ತದೆ. ಫ್ರಾನ್ಸಿನ ಅಲ್ಫಾನ್ಸ್ ಪೆನೊ 1871ರಲ್ಲೇ ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ ಇದನ್ನು ತೋರಿಸಿದ್ದ. ತಿರುಚಿದ ರಬ್ಬರಿನಿಂದ ಓಡುವ ಅವನ ಪುಟ್ಟ ವಿಮಾನ 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಹಾರಿತು, ಯಾರೂ ನಡೆಸದೆ.

ಮೋಟಾರಿನ ಓರೆಗೆ ಬೇರೆ ಕಾರಣ. ಪವರ್ ಜಾಸ್ತಿ ಕೊಟ್ಟಾಗ ಮೂತಿ ಮೇಲಕ್ಕೂ ಎಡಕ್ಕೂ ಎಳೆಯುತ್ತದೆ, ಅದನ್ನು ತಡೆಯಲು ಹಾಗೆ ಕೂರಿಸುತ್ತಾರೆ.

ಪ್ರಶ್ನೆ: ಯಾವ ಅಂಟು?

ಸಾಮಾನ್ಯ ಜೋಡಣೆಗೆ ಬಿಳಿ ಅಥವಾ ಹಳದಿ ಮರಗೋಂದು. ಹಳದಿಯದು ಒಣಗಿದ ಮೇಲೆ ಚೆನ್ನಾಗಿ ಉಜ್ಜಿಸಿಕೊಳ್ಳುತ್ತದೆ. ಅವಸರಕ್ಕೆ ಸೂಪರ್ ಗ್ಲೂ, ಆದರೆ ತುಂಡುಗಳು ಸಂದಿಲ್ಲದೆ ಕೂಡಿರಬೇಕು. ಅದರ ಹೊಗೆ ಕಣ್ಣು ಉರಿಸುತ್ತದೆ, ಕಿಟಕಿ ತೆರೆದಿಡಿ. ಮೋಟಾರ್ ಕೂರುವ ಪ್ಲೈವುಡ್ ಗೋಡೆ, ಚಕ್ರದ ತಂತಿ ಕೂರುವ ಜಾಗ, ಎರಡು ರೆಕ್ಕೆ ಸೇರುವ ನಡು, ಈ ಮೂರಕ್ಕೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಆಗಬೇಕು. 5 ನಿಮಿಷದ್ದು ಬೇಡ, 30 ನಿಮಿಷದ್ದು ತನ್ನಿ.

ಪ್ರಶ್ನೆ: ಈ ನಕ್ಷೆಯನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿ ಕಟ್ಟಬಹುದೇ?

ಕಟ್ಟಬಹುದು, ಆದರೆ ಬರೀ ಪ್ರಿಂಟ್ ದೊಡ್ಡದು ಮಾಡಿದರೆ ಸಾಲದು. ಎಲ್ಲ ಅಳತೆಯೂ 1.5 ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ 2.25 ಪಟ್ಟಾಗುತ್ತದೆ, ಮರದ ತೂಕ ಸುಮಾರು 3.4 ಪಟ್ಟು. ಇಡೀ ವಿಮಾನದ ತೂಕ ಅದೇ ಲೆಕ್ಕದಲ್ಲಿ ಏರಿದರೆ ರೆಕ್ಕೆಯ ಮೇಲಿನ ಹೊರೆ ಒಂದೂವರೆ ಪಟ್ಟು, ಸ್ಟಾಲ್ ಆಗುವ ವೇಗ ಸುಮಾರು ಶೇ. 22 ಜಾಸ್ತಿ. ನೀವು ನಕ್ಷೆಯಲ್ಲಿ ಕಂಡ ನಿಧಾನದ ವಿಮಾನ ಇದಾಗಿರುವುದಿಲ್ಲ.

ಹಾಗಾಗಿ ಮರದ ದಪ್ಪವನ್ನು ಒಂದೊಂದಾಗಿ ಯೋಚಿಸಿ. 1/16ರ ರಿಬ್ ಲೆಕ್ಕಕ್ಕೆ 3/32 ಆಗುತ್ತದೆ. ಹಗುರಾದ ಮರ ಆರಿಸಿ, ನಡುವೆ ತೂತು ಕೊರೆದರೆ ತೂಕ ಇಳಿಯುತ್ತದೆ. ರೆಕ್ಕೆಯ ಹೊದಿಕೆಯ ಹಾಳೆಯನ್ನು 1/16ರಲ್ಲೇ ಬಿಟ್ಟರೂ ನಡೆಯುತ್ತದೆ. ಸ್ಪಾರ್ ಮತ್ತು ರೆಕ್ಕೆ ಸೇರುವ ನಡುವಿನಲ್ಲಿ ಮಾತ್ರ ಜಿಪುಣತನ ಬೇಡ, ಅಲ್ಲಿ ದಪ್ಪವನ್ನೂ ಒಂದೂವರೆ ಪಟ್ಟು ಮಾಡಿ, ಸಾಧ್ಯವಾದರೆ ಬಾಲ್ಸಾ ಬದಲು ಅದಕ್ಕಿಂತ ಗಟ್ಟಿಯಾದ ಸ್ಪ್ರೂಸ್ ಮರದ ಕಡ್ಡಿ ಹಾಕಿ. ಗುರುತ್ವ ಕೇಂದ್ರದ ಗುರುತೂ 1.5 ಪಟ್ಟು ಹಿಂದಕ್ಕೆ ಹೋಗುತ್ತದೆ, ಅದನ್ನು ಮುಂಚೂಣಿಯಿಂದ ಅಳೆಯಿರಿ. ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರು), ರಿಸೀವರ್ (ರಿಮೋಟಿನ ಸಂಕೇತ ಹಿಡಿಯುವ ಪೆಟ್ಟಿಗೆ) ಅಷ್ಟೇ ಅಳತೆಯಲ್ಲಿ ಇರುವುದರಿಂದ ಅವುಗಳನ್ನು ಕೂರಿಸುವ ಕಟ್ಟುಗಳನ್ನು ಮಾತ್ರ ಹೊಸದಾಗಿ ಬರೆದುಕೊಳ್ಳಬೇಕಾಗುತ್ತದೆ.